‘ನಾವು’ ಎಂಬ ಮನೆ: ‘ಘಾಚರ್ ಘೋಚರ್’ ಕೃತಿಯಲ್ಲಿ ಬಡತನ, ಸಿರಿತನ ಮತ್ತು ಸರ್ವನಾಮ

ಬಡತನವನ್ನು ದಾಟಿ ನಿಂತವರನ್ನು ಕುರಿತು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿರುವ ನುಡಿಗಟ್ಟುಗಳು ಬಹಳವಿಲ್ಲ. ‘ಕಷ್ಟಪಟ್ಟು ಮೇಲೆ ಬಂದವರು’, ‘ಮುಂದೆ ಬಂದವರು’, ‘ಉದ್ಧಾರವಾದವರು’ ಎನ್ನುತ್ತೇವೆ. ಮೊದಲ ಎರಡರಲ್ಲಿಯೂ ಇರುವ ಕ್ರಿಯಾಪದ ‘ಬರು’ ಎಂಬುದನ್ನು ಗಮನಿಸಬೇಕು. ‘ಮೇಲೆ ಹೋದರು’ ಎಂದರೆ ಆಡುಮಾತಿನಲ್ಲಿ ಸತ್ತರು ಎಂದಾಗುತ್ತದೆ. ‘ಮುಂದೆ ಹೋದರು’ ಎಂದರೆ ದಾರಿಯಲ್ಲಿ ನಮಗಿಂತ ನಾಲ್ಕು ಹೆಜ್ಜೆ ಮುಂದಿದ್ದಾರೆ ಎಂದಷ್ಟೇ. ‘ಬರು’ ಎಂಬ ಕ್ರಿಯೆ ಮಾತಾಡುವವನು ನಿಂತಿರುವ ಎಡೆಯ ಕಡೆಗೆ ನಡೆಯುವ ಚಲನೆಯನ್ನು ಸೂಚಿಸುತ್ತದೆ. ಹಾಗಾಗಿ ‘ಮೇಲೆ ಬಂದ’ ಎಂದು ಹೇಳುವವನು, ತಾನು ಎಲ್ಲಿಯೇ ಇರಲಿ, ಆ ಮಾತಿನ ಮಟ್ಟಿಗೆ ಮೇಲೆಯೇ ನಿಂತು ಕೆಳಗಿನಿಂದ ಬರುವವನನ್ನು ಎದುರುಗೊಳ್ಳುತ್ತಾನೆ. ಒಪ್ಪೊತ್ತಿನ ಗಂಜಿಗೆ ಪರದಾಡುವವನು ಕೂಡ ತನ್ನ ನೆರೆಯವನ ಏಳಿಗೆಯನ್ನು ಹೇಳುವಾಗ ಮೇಲಿನವರ ಕಣ್ಣನ್ನು ಎರವಲು ಪಡೆಯುತ್ತಾನೆ.

ಬಡತನದಿಂದ ಮೇಲೆ ಬಂದವರ ಕಥೆ ಹೇಳುವ ಕಾದಂಬರಿಗಳಲ್ಲಿ ಬಹುಪಾಲು ಈ ‘ಬರು’ವಿನ ವ್ಯಾಕರಣವನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತವೆ. ನಿರೂಪಣೆ ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ಹತ್ತಿ ಬಂದ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತದೆ. ಎಣಿಕೆ ಮುಗಿದಲ್ಲಿ ಕಥೆಯೂ ಮುಗಿಯುತ್ತದೆ. ಈ ಮಾದರಿಯನ್ನು ಒಳಗಿನಿಂದಲೇ ಕದಡಿದ ಕನ್ನಡ ಕೃತಿಯೆಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ಕಿರುಕಾದಂಬರಿ ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ 2015ರಿಂದ ಹೊರಜಗತ್ತಿಗೂ ಪರಿಚಿತವಾಯಿತು. ಅದನ್ನು ಕುರಿತು ಬಂದಿರುವ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಹಣ ಬಂದಿತು, ಕುಟುಂಬ ಕೆಟ್ಟಿತು. ಈ ಓದು ತಪ್ಪೆನ್ನಲಾಗದು. ಆದರೆ ಕೃತಿಯ ನುಡಿಯನ್ನು ಹತ್ತಿರದಿಂದ ನೋಡಿದವರಿಗೆ ಅದು ಸಾಲದು. ಈ ಕುಟುಂಬ ಸಿರಿತನದಲ್ಲಿ ಬಳಸುವ ಆಯುಧವನ್ನು ಬಡತನದಲ್ಲಿಯೇ ಮಸೆದಿಟ್ಟುಕೊಂಡಿತ್ತು, ಮತ್ತು ಆ ಆಯುಧದ ಹೆಸರು ‘ನಾವು’ ಎಂಬುದು ನನ್ನ ವಾದ. ಮುಂದೆ ಕೊಡುವ ಉದಾಹರಣೆವಾಕ್ಯಗಳು ದಿನಬಳಕೆಯ ಕನ್ನಡದಿಂದ ಆಯ್ದವು, ಕೃತಿಯಿಂದ ಉದ್ಧರಿಸಿದವಲ್ಲ.

ಕಥೆಯ ಹಂದರ ಸರಳ. ಬೆಂಗಳೂರಿನ ಒಂದು ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಮ್ಮ, ಮಗಳು ಮಾಲತಿ ಮತ್ತು ಕಥೆ ಹೇಳುವ ಮಗ ವಾಸವಾಗಿರುತ್ತಾರೆ. ಅಪ್ಪ ಚಹಾಪುಡಿ ಮಾರುವ ಕಂಪನಿಯೊಂದರ ಸೇಲ್ಸ್‌ಮನ್. ಅವನ ಕೆಲಸ ಅವಧಿಗೆ ಮುನ್ನವೇ ಹೋದಾಗ ಕೈಗೆ ಬಂದ ಹಣವನ್ನು ಹೂಡಿ ಚಿಕ್ಕಪ್ಪ ವೆಂಕಟಾಚಲ ‘ಸೋನಾ ಮಸಾಲ’ ಎಂಬ ವ್ಯಾಪಾರವನ್ನು ಆರಂಭಿಸುತ್ತಾನೆ. ಹಣ ಬರುತ್ತದೆ, ಮನೆ ಬದಲಾಗುತ್ತದೆ. ಕಥೆ ಹೇಳುವವನು ಕಂಪನಿಯ ನಿರ್ದೇಶಕನೆಂಬ ಹೆಸರು ಹೊತ್ತು, ಏನೂ ಕೆಲಸ ಮಾಡದೆ ಸಂಬಳ ಪಡೆಯುತ್ತ, ಹಗಲನ್ನು ಕಾಫಿ ಹೌಸಿನಲ್ಲಿ ಕಳೆಯುತ್ತಾನೆ. ಅವನನ್ನು ಮದುವೆಯಾಗಿ ಬಂದ ಅನಿತಾ ಹೈದರಾಬಾದಿನ ಅಧ್ಯಾಪಕರೊಬ್ಬರ ಮಗಳು. ದುಡಿದು ತಿನ್ನುವುದೆಂದರೆ ಏನೆಂದು ತಿಳಿದವಳು. ಅವಳು ಈ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಕೇಳುತ್ತಾಳೆ. ಕೃತಿ ಮುಗಿಯುವ ಹೊತ್ತಿಗೆ ಅವಳು ತವರಿಗೆ ಹೋಗಿದ್ದಾಳೆ, ಮರಳಿ ಬರಬೇಕಾಗಿದೆ. ಏನಾಯಿತೆಂಬುದನ್ನು ಯಾರೂ ಹೇಳುವುದಿಲ್ಲ.

ಇನ್ನು ಸರ್ವನಾಮದ ವಿಷಯ. ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನದಲ್ಲಿ ಎಲ್ಲರಿಗೂ ತಿಳಿದ ಸಂಗತಿಯೊಂದಿದೆ. ಈ ಕುಟುಂಬದ ಹಲವು ಭಾಷೆಗಳಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ರೂಪಗಳಿವೆ. ಕೇಳುಗನನ್ನು ಒಳಗೊಳ್ಳುವ ‘ನಾವು’ ಒಂದು, ಅವನನ್ನು ಹೊರಗಿಡುವ ‘ನಾವು’ ಇನ್ನೊಂದು. ತೆಲುಗಿನಲ್ಲಿ ‘ಮನಮು’ ಮತ್ತು ‘ಮೇಮು’, ತುಳುವಿನಲ್ಲಿ ‘ನಮ’ ಮತ್ತು ‘ಎಂಕುಳು’, ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’ ಈ ಕೆಲಸವನ್ನು ಹಂಚಿಕೊಂಡಿವೆ. ಇಂದಿನ ಶಿಷ್ಟ ಕನ್ನಡದಲ್ಲಿ ಈ ಭೇದವಿಲ್ಲ. ಮನೆಗೆ ಬಂದ ನೆಂಟನೆದುರು ‘ನಾವು ನಾಳೆ ಜಾತ್ರೆಗೆ ಹೋಗುತ್ತೇವೆ’ ಎಂದರೆ, ಅವನು ತಾನೂ ಹೊರಡಬೇಕೋ ಅಥವಾ ಇಂದೇ ಊರಿಗೆ ಮರಳಬೇಕೋ ಎಂಬುದನ್ನು ಮುಖ ನೋಡಿ ತಿಳಿಯಬೇಕಾಗುತ್ತದೆ. ಕನ್ನಡಿಗರು ಈ ಕೊರತೆಯನ್ನು ‘ನಾವೆಲ್ಲ’, ‘ನಾವೂ ನೀವೂ’ ಎಂಬ ಜೋಡಣೆಗಳಿಂದ ತುಂಬಿಕೊಳ್ಳುತ್ತಾರೆ. ತುಂಬಿಕೊಳ್ಳದೆ ಬಿಡುವ ಸ್ವಾತಂತ್ರ್ಯವೂ ಅವರಿಗೆ ಇದೆ. ಯಾರನ್ನು ಹೊರಗಿಡುತ್ತಿದ್ದೇನೆಂದು ಹೇಳದೆಯೇ ಹೊರಗಿಡಲು ಕನ್ನಡದ ‘ನಾವು’ ಅವಕಾಶ ಕೊಡುತ್ತದೆ. ಅದೇ ವಾಕ್ಯವನ್ನು ತೆಲುಗಿನಲ್ಲಿ ಹೇಳಬೇಕಾದವನು ಬಾಯಿ ತೆರೆಯುವ ಮುನ್ನವೇ ತೀರ್ಮಾನಿಸಿರಬೇಕು. ಅನಿತಾ ಬಂದ ಊರಿನ ಬೀದಿಭಾಷೆಯಲ್ಲಿ ಈ ಭೇದ ಕೇಳಿಸುತ್ತದೆ ಎಂಬುದು ಕೇವಲ ಆಕಸ್ಮಿಕವಿರಬಹುದು. ಅದರ ಮೇಲೆ ನಾನು ವಾದವನ್ನು ಕಟ್ಟುವುದಿಲ್ಲ.

ಆದರೆ ಕನ್ನಡದ ಒಳಗೇ ಇರುವ ಇನ್ನೊಂದು ಬಳಕೆಯ ಮೇಲೆ ವಾದ ಕಟ್ಟಬಹುದು. ಕನ್ನಡಿಗನೊಬ್ಬ ಹೆತ್ತವರಿಗೆ ಒಬ್ಬನೇ ಮಗನಾಗಿದ್ದರೂ ‘ನಮ್ಮಮ್ಮ’, ‘ನಮ್ಮಪ್ಪ’, ‘ನಮ್ಮ ಮನೆ’ ಎನ್ನುತ್ತಾನೆ. ‘ನನ್ನ ಮನೆ’ ಎಂದರೆ ಆಸ್ತಿಯ ಪತ್ರ ತೋರಿಸುತ್ತಿರುವಂತೆ ಕೇಳಿಸುತ್ತದೆ. ಅಮ್ಮ, ಅಪ್ಪ, ಮನೆ ಇವೆಲ್ಲವೂ ಬಹುವಚನದ ಒಡೆತನಕ್ಕೆ ಸೇರಿದವು. ಅದೇ ಬಾಯಿ ‘ಹೆಂಡತಿ’ ಎಂಬ ಪದದ ಹಿಂದೆ ‘ನನ್ನ’ ಎಂದೇ ಹೇಳಬೇಕು. ‘ನಮ್ಮ ಹೆಂಡತಿ’ ಎಂದರೆ ಕೇಳಿದವರು ನಗುತ್ತಾರೆ. ‘ನಮ್ಮಾಕೆ’ ಎಂಬ ಹಳೆಯ ಸೌಜನ್ಯದ ಮಾತಿದೆ, ‘ನಮ್ಮ ಮನೆಯವಳು’ ಎಂಬುದೂ ಇದೆ. ಆದರೆ ಎರಡನೆಯದರಲ್ಲಿ ಅವಳು ‘ನಮ್ಮ’ ಎಂಬುದರೊಳಗೆ ಪ್ರವೇಶಿಸುವುದು ಮನೆಯ ಬಾಗಿಲಿನ ಮೂಲಕ. ಹೆಂಡತಿಯಾಗಿ ಬಂದವಳು ಏಕವಚನದ ಒಡೆತನದಲ್ಲಿ ಬರುತ್ತಾಳೆ. ಬಹುವಚನದೊಳಗೆ ಅವಳನ್ನು ಬಿಡಬೇಕೋ ಬೇಡವೋ ಎಂಬುದನ್ನು ಆ ಮನೆ ತೀರ್ಮಾನಿಸುತ್ತದೆ. ವ್ಯಾಕರಣದ ಈ ಸಣ್ಣ ಒರಟುತನವನ್ನು ದಿನಬಳಕೆಯಲ್ಲಿ ಯಾರೂ ಗಮನಿಸುವುದಿಲ್ಲ. ‘ಘಾಚರ್ ಘೋಚರ್’ ನಿಂತಿರುವುದು ಈ ನೆಲದ ಮೇಲೆ.

ಹಳೆಯ ಮನೆಯ ಪುಟಗಳಿಗೆ ಹೋಗೋಣ. ಇಡೀ ಕೃತಿಯಲ್ಲಿ ಓದುಗರು ಅತ್ಯಂತ ಪ್ರೀತಿಯಿಂದ ನೆನೆಯುವುದು ಈ ಭಾಗವನ್ನೇ. ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಜೋಡಿಸಿದ ಕೋಣೆಗಳು. ಒಬ್ಬರ ನಿಟ್ಟುಸಿರು ಇನ್ನೊಬ್ಬರಿಗೆ ಕೇಳುವಷ್ಟು ಕಿರಿದಾದ ಜಾಗ. ರಾತ್ರಿ ಅಪ್ಪ ಆ ದಿನದ ವಸೂಲಿಯ ಲೆಕ್ಕ ಬರೆಯಲು ಕೂರುತ್ತಾನೆ. ಲೆಕ್ಕ ಹೊಂದದಿದ್ದರೆ ನಷ್ಟ ಅವನ ತಲೆಯ ಮೇಲೆ, ಎಂದರೆ ಮನೆಯ ತಲೆಯ ಮೇಲೆ. ಹಾಗೆ ಹೊಂದದೆ ಹೋದ ರಾತ್ರಿ ಎಲ್ಲರೂ ಸುತ್ತ ಕೂತು ತಪ್ಪನ್ನು ಹುಡುಕುತ್ತಾರೆ. ಮಧ್ಯಮವರ್ಗದ ಕೆಳಮೆಟ್ಟಿಲಿನ ಬದುಕನ್ನು ಇಷ್ಟು ನಿಖರವಾಗಿ, ಕರುಣೆಯ ಬೇಡಿಕೆಯಿಲ್ಲದೆ ಹೇಳಿದ ಪುಟಗಳು ಕನ್ನಡದಲ್ಲಿ ಹೆಚ್ಚಿಲ್ಲ. ಗ್ಯಾಸ್ ಒಲೆಯಂಥ ಒಂದು ವಸ್ತು ಮನೆಗೆ ಬರುವುದು ಅಲ್ಲಿ ಹಬ್ಬಕ್ಕೆ ಸಮ.

ಇಲ್ಲಿ ಕನ್ನಡದ ಕ್ರಿಯಾಪದ ಮಾಡುವ ಕೆಲಸವನ್ನು ಗಮನಿಸಬೇಕು. ಪೂರ್ಣಕ್ರಿಯಾಪದದ ಕೊನೆಯಲ್ಲಿ ಪುರುಷಪ್ರತ್ಯಯ ಇರುವುದರಿಂದ ಕರ್ತೃವನ್ನು ಬಿಡಬಹುದು. ‘ಕೂತೆವು’, ‘ಹುಡುಕಿದೆವು’, ‘ಮನೆ ಬಿಟ್ಟೆವು’ ಎಂಬಲ್ಲಿ ‘ನಾವು’ ಪದವಾಗಿ ಕಾಣಿಸದೆ ಕ್ರಿಯೆಯ ಬಾಲದಲ್ಲಿ ಅಡಗಿರುತ್ತದೆ. ಹಳೆಯ ಮನೆಯ ನಿರೂಪಣೆಗೆ ಈ ಅಡಗಿದ ‘ನಾವು’ ಸಹಜ. ಯಾರು ಯಾರೆಂದು ಹೆಸರಿಸುವ ಅಗತ್ಯವೇ ಇಲ್ಲದಷ್ಟು ಆ ಐವರು ಒಂದೇ ಮೈಯಾಗಿದ್ದಾರೆ. ಕೊರತೆ ಅವರನ್ನು ಹೆಣೆದಿದೆ. ಓದುಗನಿಗೂ ಆ ಹೆಣಿಗೆ ಇಷ್ಟವಾಗುತ್ತದೆ, ಅದರೊಳಗೆ ತಾನೂ ಕೂರಬೇಕೆನಿಸುತ್ತದೆ. ಶಾನಭಾಗರ ಜಾಣ್ಮೆ ಇರುವುದು ಇಲ್ಲಿ: ನಮ್ಮನ್ನು ಆ ‘ನಾವು’ವಿನೊಳಗೆ ಮೊದಲು ಕೂರಿಸಿ, ಆಮೇಲೆ ಅದು ಏನೇನು ಮಾಡಬಲ್ಲದೆಂಬುದನ್ನು ಒಳಗಿನಿಂದ ನೋಡುವಂತೆ ಮಾಡುತ್ತಾರೆ.

ಆ ಮನೆಯಲ್ಲಿ ಇರುವೆಗಳಿವೆ. ಇರುವೆಗಳೊಡನೆ ಕುಟುಂಬ ನಡೆಸುವ ಯುದ್ಧವನ್ನು ಓದುಗರು ಹೆಚ್ಚಾಗಿ ಹಾಸ್ಯವೆಂದೋ ಬಡತನದ ವಿವರವೆಂದೋ ತೆಗೆದುಕೊಂಡಿದ್ದಾರೆ. ನನಗೆ ಅದು ಈ ‘ನಾವು’ವಿನ ಮೊದಲ ಕಾರ್ಯಾಚರಣೆ. ಹೊರಗಿನಿಂದ ಬಂದು ತಮ್ಮ ಅನ್ನಕ್ಕೆ ಬಾಯಿ ಹಾಕುವ ಜೀವಿಗಳನ್ನು ಹೊಸಕುವುದರಲ್ಲಿ ಮೊದಲು ಅವಶ್ಯಕತೆ ಇರುತ್ತದೆ, ಬರಬರುತ್ತ ರುಚಿಯೂ ಹುಟ್ಟುತ್ತದೆ. ಇದೆಲ್ಲ ನಡೆಯುವುದು ಹಣ ಬರುವುದಕ್ಕಿಂತ ಮೊದಲು. ಸಿರಿತನ ಬಂದ ಮೇಲೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬೇಳೆಯ ಸಾರಿನ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಾಳೆ. ಅಮ್ಮ ಮತ್ತು ಮಾಲತಿ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ತಾಯಿ ಮತ್ತು ಸೋದರಿಯ ಬಾಯಿಂದ ಅಂಥ ಮಾತು ಬಂದುದಕ್ಕೆ ನಿರೂಪಕ ಬೆಚ್ಚುತ್ತಾನೆ. ಇರುವೆಗಳ ಪುಟವನ್ನು ನೆನಪಿನಲ್ಲಿಟ್ಟವರಿಗೆ ಈ ದೃಶ್ಯದಲ್ಲಿ ಹೊಸದೇನೂ ಕಾಣುವುದಿಲ್ಲ. ಗುರಿ ಬದಲಾಗಿದೆ, ವಿಧಾನ ಹಳೆಯದು. ಹಣ ಈ ಕುಟುಂಬಕ್ಕೆ ಕ್ರೌರ್ಯವನ್ನು ಕಲಿಸಲಿಲ್ಲ. ಅದಕ್ಕೆ ದೊಡ್ಡ ಮನೆಯನ್ನು ಕಟ್ಟಿಸಿಕೊಟ್ಟಿತು.

ಹಣದ ವ್ಯಾಕರಣವೂ ನೋಡಬೇಕಾದದ್ದು. ‘ಹಣ ಗಳಿಸಿದೆವು’ ಎನ್ನುವುದಕ್ಕೂ ‘ನಮಗೆ ಹಣ ಬಂತು’ ಎನ್ನುವುದಕ್ಕೂ ಇರುವ ಅಂತರ ಎಲ್ಲ ಕನ್ನಡಿಗರಿಗೆ ಗೊತ್ತು. ಎರಡನೆಯದರಲ್ಲಿ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿ ಕುಳಿತು ಅನುಭವಿಸುವವನಾಗಿರುತ್ತಾನೆ. ಹಸಿವಾದಂತೆ, ಜ್ವರ ಬಂದಂತೆ, ಹಣವೂ ಬರುತ್ತದೆ. ಕನ್ನಡದಲ್ಲಿ ಕರ್ತೃವನ್ನು ಮರೆಮಾಡಲು ಕರ್ಮಣಿ ಪ್ರಯೋಗದ ಅಗತ್ಯವಿಲ್ಲ. ‘ಅಲ್ಪಡು’ ರೂಪ ಗ್ರಂಥಸ್ಥ. ಆಡುವವರು ‘ಆಯಿತು’, ‘ಬಂತು’, ‘ಹೋಯಿತು’ ಎಂಬ ಮೂರು ಕ್ರಿಯೆಗಳಿಂದಲೇ ಇಡೀ ಸಂಸಾರದ ಹೊಣೆಗಾರಿಕೆಯನ್ನು ಜಾರಿಸಿಬಿಡಬಲ್ಲರು. ಈ ಕೃತಿಯ ನಿರೂಪಕ ಚತುರ್ಥಿಯ ಮನುಷ್ಯ. ಸಂಬಳ ಅವನಿಗೆ ಬರುತ್ತದೆ, ಹುದ್ದೆ ಬರುತ್ತದೆ, ಮದುವೆಯೂ ಆಗುತ್ತದೆ. ಅನಿತಾಳ ಸಿಟ್ಟಿನ ಮೂಲವನ್ನು ಭಾಷಾವಿಜ್ಞಾನದ ಮಾತಿನಲ್ಲಿ ಹೇಳಬಹುದಾದರೆ, ಅವಳು ತನ್ನ ಗಂಡನನ್ನು ಪ್ರಥಮಾ ವಿಭಕ್ತಿಗೆ ತರಲು ಹೆಣಗುತ್ತಿದ್ದಾಳೆ. ಅವನು ಗಳಿಸಲಿ, ಹೇಳಲಿ, ಮಾಡಲಿ. ದುಡಿಮೆ ಎಂಬುದು ಅವಳಿಗೆ ಕರ್ತೃತ್ವದ ಪ್ರಶ್ನೆ.

‘ಚಿಕ್ಕಪ್ಪ’ ಎಂಬ ಪದವನ್ನು ಬಿಡಿಸಿ ನೋಡಿದರೆ ಚಿಕ್ಕ ಅಪ್ಪ. ದ್ರಾವಿಡ ಬಂಧುತ್ವ ವ್ಯವಸ್ಥೆಯಲ್ಲಿ ತಂದೆಯ ತಮ್ಮನೂ ಒಂದು ಬಗೆಯ ತಂದೆಯೇ. ಆ ಪದದಲ್ಲಿರುವ ‘ಚಿಕ್ಕ’ ವಯಸ್ಸಿನ ಕ್ರಮವನ್ನು ಹೇಳುತ್ತದೆ. ಈ ಮನೆಯಲ್ಲಿ ಚಿಕ್ಕ ಅಪ್ಪ ದೊಡ್ಡವನಾದ, ಅಪ್ಪ ಬರಿಯ ಪಾಲುದಾರನಾಗಿ ಉಳಿದ. ಅಪ್ಪನ ಹೆಸರಿನಲ್ಲಿ ಅರ್ಧ ಪಾಲಿದೆ. ಅವನು ಅದನ್ನು ಯಾವುದಾದರೂ ದಾನಕ್ಕೆ ಬರೆದುಬಿಟ್ಟರೆ ಗತಿಯೇನೆಂಬ ಆತಂಕ ಉಳಿದವರನ್ನು ಕಾಡುತ್ತದೆ. ಲೆಕ್ಕ ತಪ್ಪಿದ ರಾತ್ರಿ ಯಾರ ಸುತ್ತ ಎಲ್ಲರೂ ಕೂತಿದ್ದರೋ ಅವನನ್ನು ಈಗ ಎಲ್ಲರೂ ಕಾಯುತ್ತಿದ್ದಾರೆ, ಬೇರೆಯ ಅರ್ಥದಲ್ಲಿ. ಅಮ್ಮ, ಅಪ್ಪ, ಚಿಕ್ಕಪ್ಪ ಎಂಬ ಸಂಬಂಧಸೂಚಕಗಳನ್ನು ಇಂಗ್ಲಿಷ್ ಅನುವಾದವೂ ಹಾಗೆಯೇ ಉಳಿಸಿಕೊಂಡಿರುವುದು ಒಳ್ಳೆಯ ತೀರ್ಮಾನ. ‘ಅಂಕಲ್’ ಎಂದಾಗಿದ್ದರೆ ಒಂದು ಅಪ್ಪನನ್ನು ಇನ್ನೊಂದು ಅಪ್ಪ ಪಕ್ಕಕ್ಕೆ ಸರಿಸಿದ ಕಥೆಯೇ ಕಳೆದುಹೋಗುತ್ತಿತ್ತು.

ಈಗ ಶೀರ್ಷಿಕೆಯ ಮಾತು. ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲಿಯೂ ಇಲ್ಲ. ಅನಿತಾ ಮತ್ತು ಅವಳ ತಮ್ಮ ಚಿಕ್ಕವರಿದ್ದಾಗ ಗಾಳಿಪಟದ ದಾರ ಗೋಜಲಾದ ಸಂದರ್ಭದಲ್ಲಿ ಹುಟ್ಟಿದ, ಆ ಒಂದು ಮನೆಯಾಚೆಗೆ ಯಾರಿಗೂ ತಿಳಿಯದ ಮಾತು ಅದು. ಧ್ವನಿಯ ದೃಷ್ಟಿಯಿಂದ ನೋಡಿದರೆ ಇದು ಕನ್ನಡದ ಜೋಡುನುಡಿಗಳ ಪಂಕ್ತಿಯಲ್ಲಿ ಕೂರುತ್ತದೆ, ಆದರೆ ಸರಿಯಾಗಿ ಕೂರುವುದಿಲ್ಲ. ಗಜಿಬಿಜಿ, ಗಲಿಬಿಲಿ, ಕಸಿವಿಸಿ ಮೊದಲಾದ ಗೊಂದಲಸೂಚಕಗಳಲ್ಲಿ ಮೊದಲ ಸ್ವರ ಅಕಾರದಿಂದ ಇಕಾರಕ್ಕೆ ಜಾರುತ್ತದೆ, ಜೊತೆಗೆ ಮೊದಲ ವ್ಯಂಜನ ಓಷ್ಠ್ಯವಾಗುತ್ತದೆ. ‘ಮನೆಗಿನೆ’, ‘ಹಣಗಿಣ’ ಎಂಬ ಪ್ರತಿಧ್ವನಿ ರೂಪಗಳಲ್ಲಿ ‘ಗಿ’ ಬಂದು ಕೂರುತ್ತದೆ. ಘಾಚರ್ ಘೋಚರ್‌ನಲ್ಲಿ ಇವೆರಡೂ ಇಲ್ಲ. ವ್ಯಂಜನ ಹಾಗೆಯೇ ಉಳಿದು ಆಕಾರ ಓಕಾರವಾಗುತ್ತದೆ, ಪದಾಂತ್ಯದಲ್ಲಿ ಅಚ್ಚಗನ್ನಡ ಪದಗಳಿಗೆ ಸಹಜವಾದ ಸ್ವರವಿಲ್ಲದೆ ರೇಫ ನಿಲ್ಲುತ್ತದೆ, ಆರಂಭದಲ್ಲಿ ಮಹಾಪ್ರಾಣವಿದೆ. ಕನ್ನಡಿಗರ ಉಚ್ಚಾರಣೆಯಲ್ಲಿ ಮಹಾಪ್ರಾಣಗಳ ಸ್ಥಿತಿ ಏನೆಂಬುದನ್ನು ಡಿ.ಎನ್. ಶಂಕರ ಭಟ್ಟರ ಬರಹಗಳನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಘಮಘಮ, ಘಲ್‌ಘಲ್ ಮುಂತಾದ ಅನುಕರಣವಾಚಿಗಳಲ್ಲಿ ನಾವು ‘ಘ’ವನ್ನು ಅಕ್ಕರೆಯಿಂದ ಬರೆಯುತ್ತೇವೆ. ಹೀಗೆ ಈ ಜೋಡಿ ಕನ್ನಡದ ಮಾತಿನಂತೆ ಕೇಳಿಸುತ್ತದೆ, ಆದರೆ ಬೇರೆ ಮನೆಯದೆಂದು ಗೊತ್ತಾಗುತ್ತದೆ. ಸೊಸೆಯೊಬ್ಬಳ ಮಾತಿಗೆ ಇದಕ್ಕಿಂತ ಒಪ್ಪುವ ಧ್ವನಿರೂಪವನ್ನು ಊಹಿಸುವುದು ಕಷ್ಟ.

ಮದುವೆಯಾದ ಹೊಸದರಲ್ಲಿ, ಲಂಗದ ಲಾಡಿಯ ಗಂಟು ಬಿಚ್ಚದೆ ಗೋಜಲಾದಾಗ, ಅನಿತಾ ಈ ಮಾತನ್ನು ಗಂಡನೆದುರು ಆಡುತ್ತಾಳೆ. ಅರ್ಥವನ್ನೂ ಹುಟ್ಟನ್ನೂ ಹೇಳುತ್ತಾಳೆ. ತೀರ ಆಪ್ತವಾದ ಈ ಸಣ್ಣ ಘಟನೆ ನನ್ನ ದೃಷ್ಟಿಯಲ್ಲಿ ಕೃತಿಯ ನೈತಿಕ ಕೇಂದ್ರ. ತವರಿನ ನಾಲ್ವರಿಗಷ್ಟೇ ತಿಳಿದಿದ್ದ ನುಡಿಯ ವೃತ್ತದೊಳಗೆ ಅವಳು ಐದನೆಯವನನ್ನು ಕರೆದುಕೊಳ್ಳುತ್ತಾಳೆ. ಕೇಳುಗನನ್ನು ಒಳಗೊಳ್ಳುವ ‘ನಾವು’ ಕನ್ನಡದ ಸರ್ವನಾಮದಲ್ಲಿ ಇಲ್ಲವಷ್ಟೆ. ಅವಳು ಅದನ್ನು ಒಂದು ಪದದ ಮೂಲಕ ರಚಿಸುತ್ತಾಳೆ. ಗಂಡನ ಮನೆಯಿಂದ ಅವಳಿಗೆ ಇಂಥ ಕರೆ ಎಂದೂ ಬರುವುದಿಲ್ಲ. ಆ ಮನೆಯಲ್ಲೂ ಗುಟ್ಟಿನ ಭಾಷೆಯಿದೆ: ಯಾವುದನ್ನು ಹೇಳಬಾರದು, ಯಾವಾಗ ಮಾತು ತಿರುಗಿಸಬೇಕು, ಚಿಕ್ಕಪ್ಪನ ವ್ಯವಹಾರದ ಕಡೆಗೆ ಯಾವಾಗ ನೋಡಬಾರದು ಎಂಬ ಒಪ್ಪಂದಗಳ ಭಾಷೆ. ಅದನ್ನು ಯಾರೂ ಅವಳಿಗೆ ಕಲಿಸುವುದಿಲ್ಲ. ಕಲಿಯದೆ ಅವಳು ಆಡುವ ಪ್ರತಿಯೊಂದು ಮಾತೂ ಅಲ್ಲಿ ತಪ್ಪಾಗುತ್ತದೆ. ಬಾಗಿಲಿಗೆ ಬಂದ ಹೆಂಗಸಿನ ಪರವಾಗಿ ಮನೆಯೊಳಗಿನಿಂದ ಎದ್ದ ದನಿ ಅವಳದೊಂದೇ.

ಕಥೆ ಹೇಳುವ ಹೊತ್ತಿಗೆ ಆ ಪದ ಗಂಡನ ಬಾಯಲ್ಲಿದೆ. ತನ್ನ ಮನೆಯ ಗೋಜಲನ್ನು ಹೆಸರಿಸಲು ಅವನಿಗೆ ಇರುವುದು ಅವಳಿಂದ ಪಡೆದ ಆ ಒಂದೇ ಮಾತು. ಹೆಂಡತಿ ಕಾಣದಿದ್ದಾಗಲೂ ಅವಳ ಮಾತು ಉಳಿದಿದೆ. ಇದನ್ನು ಪ್ರೀತಿಯ ಕುರುಹೆಂದು ಓದಬಹುದು, ಕಸಿದುಕೊಂಡದ್ದೆಂದೂ ಓದಬಹುದು. ನನಗೆ ಎರಡನೆಯ ಓದು ಹೆಚ್ಚು ಸರಿಯೆನಿಸುತ್ತದೆ. ಮಾಲತಿ ಗಂಡನ ಮನೆ ಬಿಟ್ಟು ಬಂದಾಗ ಅವಳ ಒಡವೆಗಳನ್ನು ಬಲಪ್ರಯೋಗದಿಂದ ಮರಳಿ ತಂದ ಕುಟುಂಬ ಇದು. ಸೊಸೆ ತಂದ ಒಡವೆ ಮಾತ್ರ ಹಿಂದಿರುಗುವ ಹಾಗೆ ಕಾಣುವುದಿಲ್ಲ.

ಎರಡು ಭಾಷೆಗಳ ಓದುಗರಿರುವ ಪತ್ರಿಕೆಯಲ್ಲಿ ಅನುವಾದದ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆರೂರರ ಇಂಗ್ಲಿಷ್ ಅನುವಾದ ಮೂಲದ ತಗ್ಗಿದ ದನಿಯನ್ನು ಸಮರ್ಥವಾಗಿ ಉಳಿಸಿಕೊಂಡಿದೆ. ಆದರೆ ಆ ಭಾಷೆಯ ಕಟ್ಟು ಒಡ್ಡುವ ಎರಡು ಒತ್ತಾಯಗಳಿಂದ ಯಾವ ಅನುವಾದಕನೂ ತಪ್ಪಿಸಿಕೊಳ್ಳಲಾರ. ಕ್ರಿಯೆಯ ಬಾಲದಲ್ಲಿ ಅಡಗಿದ್ದ ‘ನಾವು’ ಇಂಗ್ಲಿಷಿನಲ್ಲಿ ವಾಕ್ಯದ ತಲೆಯ ಮೇಲೆ ಬಂದು ನಿಲ್ಲಬೇಕಾಗುತ್ತದೆ. ಕನ್ನಡದಲ್ಲಿ ಉಸಿರಿನಂತೆ ಇದ್ದದ್ದು ಅಲ್ಲಿ ಘೋಷಣೆಯಾಗುವ ಅಪಾಯವಿದೆ. ‘ನಮ್ಮ ಮನೆ’ ಮತ್ತು ‘ನನ್ನ ಹೆಂಡತಿ’ ಎಂಬ ಅಸಮತೆ ಅಲ್ಲಿ ಒಂದೇ ಏಕವಚನದ ಒಡೆತನದಲ್ಲಿ ಸಮತಟ್ಟಾಗುತ್ತದೆ. ಅನುವಾದದಲ್ಲಿ ಓದಿದವರಿಗೆ ಈ ಕೃತಿ ಹಣದ ನೀತಿಕಥೆಯಾಗಿ ಹೆಚ್ಚು ಕಂಡಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇಂಗ್ಲಿಷಿನಲ್ಲಿಯೇ ಬರೆದ, ಬೆಂಗಳೂರಿನಲ್ಲಿಯೇ ಕೊನೆ ಮುಟ್ಟುವ ಇನ್ನೊಂದು ಏಳಿಗೆಯ ಕಥೆ ಇಲ್ಲಿ ನೆನಪಾಗುತ್ತದೆ. ಅರವಿಂದ ಅಡಿಗರ ‘ದಿ ವೈಟ್ ಟೈಗರ್’ (2008) ಕಾದಂಬರಿಯ ಬಲರಾಮ ಹಲ್ವಾಯಿ ತನ್ನ ಒಡೆಯನನ್ನು ಕೊಂದು, ಅವನ ಹಣದಿಂದ ಈ ನಗರದಲ್ಲಿ ಟ್ಯಾಕ್ಸಿ ವ್ಯಾಪಾರ ನಡೆಸುತ್ತಾನೆ. ಊರಿನಲ್ಲಿರುವ ತನ್ನ ಕುಟುಂಬ ಅದಕ್ಕೆ ಬಲಿಯಾಗಬಹುದೆಂದು ತಿಳಿದೇ ಅವನು ಆ ಕೆಲಸ ಮಾಡುತ್ತಾನೆ. ಮೇಲೆ ಬರಬೇಕಾದರೆ ಅಲ್ಲಿ ‘ನಾವು’ ಸಾಯಬೇಕು, ‘ನಾನು’ ಹುಟ್ಟಬೇಕು. ಶಾನಭಾಗರಲ್ಲಿ ‘ನಾವು’ ಸಾಯುವುದಿಲ್ಲ. ಬದುಕುವುದಕ್ಕಾಗಿ ಅದು ಬೇರೆಯವರನ್ನು ಬಲಿ ಕೇಳುತ್ತದೆ. ಬಲರಾಮ ತನ್ನ ಅಪರಾಧವನ್ನು ಏಳು ರಾತ್ರಿಗಳ ಕಾಲ ಅಬ್ಬರದಿಂದ ಒಪ್ಪಿಕೊಳ್ಳುತ್ತಾನೆ. ಇಲ್ಲಿ ಒಪ್ಪಿಕೊಳ್ಳಲು ಯಾವ ಒಬ್ಬ ಕರ್ತೃವೂ ಇಲ್ಲ. ಭಾರತೀಯ ಕುಟುಂಬದ ಹಿಂಸೆಯ ವಿಷಯದಲ್ಲಿ ಕನ್ನಡ ಕೃತಿಯ ತಿಳಿವಳಿಕೆ ಹೆಚ್ಚು ಆಳವಾದದ್ದೆಂದು ನಾನು ಭಾವಿಸುತ್ತೇನೆ.

ಇಷ್ಟಾಗಿಯೂ ಕೃತಿಯ ಒಂದು ಮಿತಿಯನ್ನು ಹೇಳದೆ ಬಿಡಲಾಗದು. ಸೋನಾ ಮಸಾಲೆಯ ಪೊಟ್ಟಣಗಳನ್ನು ತುಂಬುವ ಕೈಗಳು ಯಾರವು? ಮೂಟೆ ಹೊರುವವರು, ಖಾರದ ಘಾಟಿಗೆ ಕೆಮ್ಮುತ್ತ ತೂಕ ಮಾಡುವವರು, ಅಂಗಡಿಯಿಂದ ಅಂಗಡಿಗೆ ಅಲೆಯುವವರು ಈ ಪುಟಗಳಲ್ಲಿ ಮುಖ ಪಡೆಯುವುದಿಲ್ಲ. ಅಪ್ಪನಂಥ ಇನ್ನೊಬ್ಬ ಸೇಲ್ಸ್‌ಮನ್ ಯಾವುದೋ ಬಾಡಿಗೆ ಮನೆಯಲ್ಲಿ ಕೂತು ಇದೇ ಸೋನಾ ಮಸಾಲೆಯ ಲೆಕ್ಕ ಹೊಂದದೆ ರಾತ್ರಿ ಕಳೆಯುತ್ತಿರಬೇಕು. ನಿರೂಪಕ ಅವನನ್ನು ಕಾಣುವುದಿಲ್ಲವೆಂಬುದು ನಿರೂಪಕನ ಸ್ವಭಾವಕ್ಕೆ ಸರಿಹೋಗುತ್ತದೆ ಎಂದು ಸಮರ್ಥಿಸಬಹುದು. ಆದರೆ ಹೊರಗಿಟ್ಟ ಹೆಂಗಸರನ್ನು ಅವನ ಕಣ್ಣಿನ ಅಂಚಿನಲ್ಲಾದರೂ ನಮಗೆ ತೋರಿಸಿದ ಲೇಖಕರು ಹೊರಗುಳಿದ ದುಡಿಮೆಗಾರರನ್ನು ಅಷ್ಟು ಕೂಡ ತೋರಿಸಿಲ್ಲ. ಮೇಲೆ ಬಂದವರ ಕಥೆಯನ್ನು ಇಷ್ಟು ಅನುಮಾನದಿಂದ ಹೇಳಿದ ಕೃತಿಯಲ್ಲೂ ಕೆಳಗೆ ಉಳಿದವರು ಕೆಳಗೇ ಉಳಿದಿದ್ದಾರೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಆತ್ಮಕಥೆಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಓದಿ ಮುಂದೆ ಬಂದವನ ‘ನಾವು’ ಮನೆಯ ಹೊಸ್ತಿಲಲ್ಲಿ ನಿಲ್ಲದೆ ಇಡೀ ಕೇರಿಯಷ್ಟು ಅಗಲವಾಗಿದೆ.

ಕಾಫಿ ಹೌಸಿನ ಮಾಣಿ ವಿನ್ಸೆಂಟನ ವಿಷಯ ಉಳಿಯಿತು. ಅವನ ಮಾತುಗಳು ಕಡಿಮೆ. ಗಿರಾಕಿಗೆ ಬೇಕಾದ್ದನ್ನು ವಿಚಾರಿಸುವ, ಕೊಡುವ, ತೆಗೆದುಕೊಂಡು ಹೋಗುವ ಮಾತುಗಳು. ನಿರೂಪಕ ಮಾತ್ರ ಅವನ ಒಂದೊಂದು ಮಾತಿನಲ್ಲಿಯೂ ಗೂಢಾರ್ಥವನ್ನು ಹುಡುಕುತ್ತ, ಅವನನ್ನು ಒಬ್ಬ ದಾರ್ಶನಿಕನ ಎತ್ತರಕ್ಕೆ ಏರಿಸಿದ್ದಾನೆ. ಆಡಿದ ಮಾತಿಗಿಂತ ಹೆಚ್ಚಿನದನ್ನು ಕೇಳುಗ ಹೇಗೆ ಗ್ರಹಿಸುತ್ತಾನೆಂಬುದಕ್ಕೆ ಗ್ರೈಸನು 1975ರ ತನ್ನ ಲೇಖನದಲ್ಲಿ ಕೊಟ್ಟ ವಿವರಣೆ ಇಬ್ಬರ ನಡುವಿನ ಸಹಕಾರವನ್ನು ಆಧಾರವಾಗಿ ಹಿಡಿಯುತ್ತದೆ. ಇಲ್ಲಿ ಸಹಕಾರ ಒಂದೇ ಕಡೆಯದು. ಹೇಳುವವನು ಹೇಳಿದ್ದಷ್ಟನ್ನೇ ಹೇಳಿರಬಹುದು, ಉಳಿದದ್ದು ಕೇಳುವವನ ಅಳುಕು. ಮನೆಯಲ್ಲಿ ಹೇಳಲೇಬೇಕಾದದ್ದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಹೊರಗೆ ಯಾರು ಏನು ಹೇಳಿದರೂ ಅವನಿಗೆ ಹೇಳಬೇಕಾದದ್ದೇ ಕೇಳಿಸುತ್ತದೆ. ಕೃತಿಯ ಕೊನೆಯಲ್ಲಿ ಅವನ ಕೈಯ ಮೇಲಿನ ರಕ್ತವನ್ನು ಕಂಡು ವಿನ್ಸೆಂಟ್ ಅದನ್ನು ತೊಳೆದುಕೊಳ್ಳಬಹುದೆಂದು ಸೂಚಿಸುತ್ತಾನೆ. ಒಡೆದ ಗಾಜಿನ ಲೋಟದ ಮಟ್ಟಿಗೆ ಅದು ಮಾಣಿಯೊಬ್ಬ ಆಡಬಹುದಾದ ತೀರ ಸಾಮಾನ್ಯವಾದ ಮಾತು. ಆದರೆ ಇಡೀ ಕೃತಿಯಲ್ಲಿ ‘ನಾವು’ವಿನ ಹಿಂದೆ ಅಡಗಿ ಕೂತಿದ್ದ ಮನುಷ್ಯನನ್ನು ಒಬ್ಬ ಹೊರಗಿನವನು ಅಲ್ಲಿ ಒಬ್ಬಂಟಿಯಾಗಿ, ಮಧ್ಯಮಪುರುಷದಲ್ಲಿ, ಅವನ ಕೈಯನ್ನೇ ಗುರುತಿಸಿ ಮಾತಾಡಿಸುತ್ತಾನೆ.